ಎಲ್‌ಬ್ರುಸ್ ಹತ್ತುವ ಮುಂಚೆ ಒಂದು ಪ್ರಶ್ನೆ: ಕೊನೆಯಲ್ಲಿ ಬರೋರ ಜೊತೆ ಯಾರಿರ್ತಾರೆ?

ಗೆಳೆಯರೇ, ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ.

ಮುಂದಿನ ಜುಲೈಗೆ ನಾವು ಎಂಟು ಜನ ಎಲ್‌ಬ್ರುಸ್ ಹತ್ತೋಕೆ ತಯಾರಿ ಮಾಡ್ತಿದ್ದೀವಿ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಎಂಟೂ ಜನ ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳಲ್ಲಿ ಓದಿ ಬಂದವರು. ಒಬ್ಬ ಸಾಫ್ಟ್‌ವೇರ್, ಒಬ್ಬ ಲೈನ್‌ಮನ್, ಇಬ್ಬರು ಮೇಷ್ಟ್ರು, ಒಬ್ಬರು ತಾಲ್ಲೂಕು ಆಸ್ಪತ್ರೆಯ ನರ್ಸ್, ಹೀಗೆ. ಕಳೆದ ಭಾನುವಾರ ಪ್ಲ್ಯಾನ್ ಓದೋಕೆ ಅಂತ ಸೇರಿದ್ವಿ. ಹದಿನಾರು ಪುಟದ ಪ್ಲ್ಯಾನು. ವೀಸಾ, ವಿಮಾನ, ಬೂಟು, ಜಾಕೆಟ್ಟು, ಯಾವ ದಿನ ಎಷ್ಟು ಎತ್ತರ, ಎಲ್ಲ ಇತ್ತು. ಶಿಖರ ಹತ್ತುವ ದಿನದ ಪುಟದಲ್ಲಿ ಒಂದು ಸಾಲಿತ್ತು: "ನಿಧಾನ ಆದವರು ಪಾಸ್ತುಖೋವ್ ಬಂಡೆಗಳ ಹತ್ತಿರದಿಂದ ವಾಪಸ್ಸಾಗುವುದು."

ನರ್ಸ್ ಅಕ್ಕ ಆ ಸಾಲನ್ನ ಎರಡು ಸಲ ಓದಿದ್ರು. ಆಮೇಲೆ ಒಂದೇ ಪ್ರಶ್ನೆ ಕೇಳಿದ್ರು. "ಯಾರ ಜೊತೆ ವಾಪಸ್ಸಾಗೋದು ಅಂತ ಬರೆದಿಲ್ವಲ್ಲಪ್ಪಾ?"

ಯಾರೂ ಮಾತಾಡಲಿಲ್ಲ. ಈ ಪೋಸ್ಟು ಆ ಪ್ರಶ್ನೆಗೆ ನಾನು ಕೊಡಬೇಕಾದ ಉತ್ತರ. ಯಾಕಂದ್ರೆ ಆ ಸಾಲು ಬರೆದವನು ನಾನೇ.

ಗೊತ್ತಿಲ್ಲದವರಿಗೆ ಮೊದಲು ಬೆಟ್ಟದ ಬಗ್ಗೆ. ಎಲ್‌ಬ್ರುಸ್ ಇರೋದು ರಷ್ಯಾದ ಕಾಕಸಸ್ ಪರ್ವತ ಸಾಲಿನಲ್ಲಿ. ಅದೊಂದು ಜ್ವಾಲಾಮುಖಿ, ಮಲಗಿರೋ ಜ್ವಾಲಾಮುಖಿ. ಮೈತುಂಬಾ ಹಿಮ, ಹಿಮನದಿ. ಎರಡು ಶಿಖರ ಇವೆ. ಪಶ್ಚಿಮದ್ದು 5642 ಮೀಟರ್, ಪೂರ್ವದ್ದು 5621 ಮೀಟರ್. ಕಾಕಸಸ್ ಅನ್ನ ಯೂರೋಪಿಗೆ ಸೇರಿಸಿ ಲೆಕ್ಕ ಹಾಕೋರಿಗೆ ಇದೇ ಯೂರೋಪಿನ ಅತಿ ಎತ್ತರದ ಜಾಗ. ದಕ್ಷಿಣದ ಕಡೆಯಿಂದ ಹೋದ್ರೆ ಅಜಾವು ಅನ್ನೋ ಜಾಗದಿಂದ ಗರಬಾಶಿವರೆಗೂ, ಅಂದ್ರೆ ಸುಮಾರು 3850 ಮೀಟರ್‌ವರೆಗೂ, ಕೇಬಲ್ ಕಾರ್ ಇದೆ. ಅಲ್ಲೇ ಮಲಗೋ ಗುಡಿಸಲುಗಳಿವೆ. ಅದರ ಮೇಲೆ ಹಿಮದ ಮೇಲೆ ಓಡಾಡೋ ಚೈನ್ ಗಾಡಿ ಸಿಗುತ್ತೆ, ದುಡ್ಡು ಕೊಟ್ಟರೆ ಪಾಸ್ತುಖೋವ್ ಬಂಡೆಗಳವರೆಗೂ ಬಿಟ್ಟುಬರುತ್ತೆ.

ಇಷ್ಟೆಲ್ಲ ಕೇಳಿದವರು "ಓ, ಸುಲಭ" ಅಂತಾರೆ. ಮೋಸ ಇರೋದೇ ಅಲ್ಲಿ. ಬಂಡೆ ಹತ್ತೋ ಕಷ್ಟ ಇಲ್ಲ, ನಿಜ. ಆದ್ರೆ 5500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರೋದರ ಅರ್ಧ. ಒಂದು ಉಸಿರಿಗೆ ಅರ್ಧ ಉಸಿರು ಅಂದುಕೊಳ್ಳಿ. ಮೋಡ ಇಳಿದರೆ ಆಕಾಶ, ನೆಲ ಎರಡೂ ಬೆಳ್ಳಗೆ, ಮುಂದಿನವರ ಬೆನ್ನು ಕಾಣಲ್ಲ. ದಾರಿಗೆ ನೆಟ್ಟಿರೋ ಕೋಲು ತಪ್ಪಿದರೆ ಜನ ಗೊತ್ತಿಲ್ಲದೆ ಹಿಮನದಿಯ ಬಿರುಕುಗಳ ಕಡೆ ಇಳಿದುಬಿಡ್ತಾರೆ. ಸುಲಭದ ಬೆಟ್ಟ ಅಂತ ಹೆಸರು ಇರೋದ್ರಿಂದಲೇ ತಯಾರಿ ಇಲ್ಲದೆ ಬರೋರು ಜಾಸ್ತಿ, ಸಾಯೋರೂ ಇದ್ದಾರೆ.

"ನಿಮಗೆ ಬೇರೆ ಕೆಲಸ ಇಲ್ವಾ, ಚಳವಳಿ ಬಿಟ್ಟು ಬೆಟ್ಟ ಯಾಕೆ" ಅಂತ ಇನ್‌ಬಾಕ್ಸ್‌ನಲ್ಲಿ ಕೇಳಿದವರಿದ್ದಾರೆ. ಅವರಿಗೆ ಕೊನೇಲಿ ಹೇಳ್ತೀನಿ. ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ.

ಎರಡು ತಿಂಗಳ ಹಿಂದೆ ಅಭ್ಯಾಸಕ್ಕೆ ಅಂತ ಕುಮಾರ ಪರ್ವತಕ್ಕೆ ಹೋಗಿದ್ವಿ. 1712 ಮೀಟರ್, ಎಲ್‌ಬ್ರುಸ್ ಮುಂದೆ ಏನೂ ಅಲ್ಲ. ಆದ್ರೆ ಕುಕ್ಕೆ ಕಡೆಯಿಂದ ಹೋದ್ರೆ ಕಾಲಿಗೆ ಸರಿಯಾದ ಪಾಠ. ನಾನು ಮತ್ತು ಇನ್ನಿಬ್ಬರು ಮುಂದೆ ಹೋದ್ವಿ. ಮೈಯಲ್ಲಿ ಹುರುಪಿತ್ತು, ಗಡಿಯಾರ ನೋಡ್ಕೊಂಡು ಓಡಿದ ಹಾಗೇ ಹತ್ತಿದ್ವಿ. ಶೇಷ ಪರ್ವತ ದಾಟಿ, ತುದಿ ಮುಟ್ಟಿ, ಫೋಟೋ ತೆಗೆಸ್ಕೊಂಡು, ಬುತ್ತಿ ಬಿಚ್ಚಿ ಉಂಡೂ ಮುಗಿಸಿದ್ವಿ. ಅಕ್ಕ ಬಂದಿದ್ದು ಎರಡು ಗಂಟೆ ತಡವಾಗಿ, ಒಬ್ಬರೇ. ಅವರ ಜೊತೆ ಇದ್ದ ಹುಡುಗ ಕೂಡ "ನಿಧಾನಕ್ಕೆ ಬನ್ನಿ ಅಕ್ಕ" ಅಂತ ಹೇಳಿ ಮುಂದೆ ಬಂದುಬಿಟ್ಟಿದ್ದ.

ಇಳಿಯುವಾಗ ಗೊತ್ತಾಯ್ತು. ಅರ್ಧ ದಾರಿಯಲ್ಲೇ ಅವರ ಮೊಣಕಾಲು ಹಿಡಿದುಕೊಂಡಿತ್ತು. "ಯಾಕಕ್ಕ ಹೇಳಲಿಲ್ಲ" ಅಂದೆ. "ನನ್ನಿಂದ ನಿಮಗೆಲ್ಲ ಯಾಕೆ ತೊಂದರೆ ಅಂತ ಸುಮ್ಮನಾದೆ ಕಣೋ" ಅಂದ್ರು.

ಈ ಮಾತನ್ನ ನಾನು ಹುಟ್ಟಿದಾಗಿನಿಂದ ಕೇಳಿದ್ದೀನಿ. ನಮ್ಮಮ್ಮ ಜ್ವರ ಬಂದಾಗ ಇದೇ ಹೇಳ್ತಿದ್ದಳು. ಹಾಸ್ಟೆಲ್‌ನಲ್ಲಿ ಅನ್ನ ಸಾಲದಿದ್ರೆ ನಾವು ಇದೇ ಹೇಳಿ ಎದ್ದುಬಿಡ್ತಿದ್ವಿ. ಕಾಲೇಜಲ್ಲಿ ಪಾಠ ಅರ್ಥ ಆಗದಿದ್ರೆ ಕೈ ಎತ್ತುತ್ತಿರಲಿಲ್ಲ. ಮೊದಲೇ "ಕೋಟಾದವರು" ಅಂತ ಹೆಸರು, ಅದರ ಮೇಲೆ "ಅರ್ಥ ಆಗ್ಲಿಲ್ಲ" ಅಂದ್ರೆ? ಇನ್ನೊಬ್ಬರಿಗೆ ಭಾರ ಆಗಬಾರದು ಅನ್ನೋದನ್ನ ನಮ್ಮ ಜನಕ್ಕೆ ತಲೆತಲಾಂತರದಿಂದ ಕಲಿಸಿದ್ದಾರೆ. ನಾವು ಅದನ್ನ ಸ್ವಾಭಿಮಾನ ಅಂತ ಅಂದುಕೊಂಡಿದ್ದೀವಿ.

ಕುಮಾರ ಪರ್ವತದಲ್ಲಿ ಈ ಅಭ್ಯಾಸದಿಂದ ಒಂದು ಮೊಣಕಾಲು ಊದಿತು. ಎಲ್‌ಬ್ರುಸ್‌ನಲ್ಲಿ ಇದೇ ಅಭ್ಯಾಸ ಪ್ರಾಣ ತೆಗೆಯುತ್ತೆ.

ಹೇಗೆ ಅಂತ ಕೇಳಿ. ಎತ್ತರದ ಕಾಯಿಲೆ ಶುರುವಾಗೋದು ತಲೆನೋವಿನಿಂದ. ವಾಕರಿಕೆ, ಸುಸ್ತು, ಊಟ ಬೇಡ ಅನ್ನಿಸೋದು. ಆ ಹೊತ್ತಿಗೇ ಹೇಳಿ, ಮೇಲೆ ಹೋಗೋದು ನಿಲ್ಲಿಸಿ, ಸುಧಾರಿಸದಿದ್ರೆ ಇಳಿದುಬಿಟ್ಟರೆ ಹೆಚ್ಚಿನವರಿಗೆ ಸರಿಹೋಗುತ್ತೆ. ಹೇಳದೆ ಮೇಲೆ ಹೋದ್ರೆ ಕೆಲವರಿಗೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ, ಕೆಲವರಿಗೆ ಮಿದುಳು ಊದಿಕೊಳ್ಳುತ್ತೆ. ನಡಿಗೆ ಕುಡಿದವರ ಹಾಗೆ ತಪ್ಪುತ್ತೆ, ಮಾತು ತೊದಲುತ್ತೆ. ಆಮೇಲೆ ಆ ಮನುಷ್ಯನೇ "ನನಗೇನೂ ಆಗಿಲ್ಲ" ಅಂತ ಜಗಳಕ್ಕೆ ಬರ್ತಾನೆ. ಇದಕ್ಕೂ ಗಟ್ಟಿ ದೇಹಕ್ಕೂ ಸಂಬಂಧ ಇಲ್ಲ. ನಮ್ಮ ಗುಂಪಿನಲ್ಲಿ ದಿನಾ ಹತ್ತು ಕಿಲೋಮೀಟರ್ ಓಡೋ ಹುಡುಗನಿಗೆ ಮೊದಲು ಬರಬಹುದು, ಅಕ್ಕನಿಗೆ ಬರದೇ ಇರಬಹುದು. ನಿಧಾನಕ್ಕೆ ಎತ್ತರ ಏರಿದವರಿಗೆ ಅಪಾಯ ಕಮ್ಮಿ ಅನ್ನೋದಂತೂ ಗಟ್ಟಿ.

ಅಂದ್ರೆ ಆ ಬೆಟ್ಟದಲ್ಲಿ ಎಲ್ಲಕ್ಕಿಂತ ಬೆಲೆ ಬಾಳೋ ಮಾಹಿತಿ ಯಾವುದು? ಹವಾಮಾನ ವರದಿ ಅಲ್ಲ. "ನನಗೆ ತಲೆ ನೋಯ್ತಿದೆ" ಅನ್ನೋ ಮಾತು. ಆ ಮಾತನ್ನ ಯಾರು ಹೇಳಲ್ಲ? ಹೇಳಿದ್ರೆ ಏನಾದರೂ ಕಳ್ಕೊಳ್ತೀನಿ ಅಂತ ಹೆದರಿರೋರು.

ನಮ್ಮ ಪ್ಲ್ಯಾನನ್ನೇ ನೋಡಿ. ಎಂಟು ಜನಕ್ಕೆ ಇಬ್ಬರು ಗೈಡ್ ಅಂತ ಬರೆದಿದ್ವಿ. ಒಬ್ಬ ಗೈಡ್‌ಗೆ ನಾಲ್ಕು ಜನ. ಸರಿಯಾಗೇ ಕಾಣುತ್ತೆ. ರಾತ್ರಿ ಎರಡಕ್ಕೋ ಮೂರಕ್ಕೋ ಹೊರಡ್ತೀವಿ. ಪಾಸ್ತುಖೋವ್ ಬಂಡೆಗಳ ಹತ್ತಿರ, ಸುಮಾರು 4700 ಮೀಟರ್‌ನಲ್ಲಿ, ಒಬ್ಬರಿಗೆ ವಾಂತಿ. ಅವರನ್ನ ಒಬ್ಬರೇ ಕತ್ತಲಲ್ಲಿ ಕಳಿಸೋ ಹಾಗಿಲ್ಲ. ಒಬ್ಬ ಗೈಡ್ ಜೊತೆಗೆ ಇಳಿಯಬೇಕು. ಉಳಿದ ಏಳು ಜನಕ್ಕೆ ಒಬ್ಬನೇ ಗೈಡ್. ಈಗ ಎರಡೇ ದಾರಿ. ಒಂದು, ಎಲ್ಲರೂ ಇಳಿಯೋದು. ಇನ್ನೊಂದು, ಏಳು ಜನ ಒಬ್ಬ ಗೈಡ್‌ನ ನಂಬಿ ಮೇಲೆ ಹೋಗೋದು. ಎರಡು ಶಿಖರಗಳ ನಡುವಿನ ತಗ್ಗು 5300 ಮೀಟರ್‌ಗಿಂತ ಮೇಲಿದೆ. ಅಲ್ಲಿ ಎರಡನೆಯವರಿಗೆ ಹುಷಾರು ತಪ್ಪಿದರೆ? "ಇಲ್ಲೇ ಕೂತಿರು, ಹತ್ತಿ ಬರ್ತೀವಿ" ಅಂತ ಹೇಳೋದು. ಹಿಮದ ಬೆಟ್ಟಗಳಲ್ಲಿ ಜನ ಸತ್ತಿರೋ ಕಥೆಗಳಲ್ಲಿ ಈ "ಇಲ್ಲೇ ಕೂತಿರು" ಎಷ್ಟು ಸಲ ಬರುತ್ತೆ ಓದಿ ನೋಡಿ.

ಈಗ ಮೊದಲು ತಲೆನೋವು ಬಂದ ಆ ಒಬ್ಬರ ಜಾಗದಲ್ಲಿ ನಿಂತುಕೊಳ್ಳಿ. ನಾನು ಬಾಯಿ ಬಿಟ್ಟರೆ ಏಳು ಜನರ ಎರಡು ವರ್ಷದ ದುಡ್ಡು, ರಜೆ, ಕನಸು ಎಲ್ಲ ನೀರುಪಾಲು. ಹೇಳ್ತೀರಾ? ನಮ್ಮಕ್ಕ ಹೇಳ್ತಾರಾ? ಮೊಣಕಾಲು ನೋವನ್ನೇ ಹೇಳದವರು ಇದನ್ನ ಹೇಳ್ತಾರಾ?

ಮೂರನೇ ಗೈಡ್ ತಗೊಂಡರೆ ಲೆಕ್ಕ ಬದಲಾಗುತ್ತೆ. ಒಬ್ಬರು ಇಳಿದರೂ ಏಳು ಜನಕ್ಕೆ ಇಬ್ಬರು ಉಳೀತಾರೆ. ಗುಂಪು ಮುಂದೆ ಹೋಗಬಹುದು. ಎರಡನೆಯವರು ಇಳಿಯಬೇಕಾದ್ರೆ ಎಲ್ಲರೂ ಇಳಿಯೋದು. ಅಂದ್ರೆ ಮೂರನೇ ಗೈಡ್ ಅನ್ನೋದು, ಒಬ್ಬರು ಯಾರ ಕನಸನ್ನೂ ಮುರಿಯದೆ "ನನಗೆ ಆಗ್ತಿಲ್ಲ" ಅಂತ ಹೇಳೋಕೆ ನಾವು ಕೊಡೋ ಬೆಲೆ. ಎಂಟು ಜನಕ್ಕೆ ಹಂಚಿದ್ರೆ ಒಬ್ಬೊಬ್ಬರ ಮೇಲೆ ಬೀಳೋದು ಒಂದು ಒಳ್ಳೆ ಜಾಕೆಟ್ಟಿನ ದುಡ್ಡಿಗಿಂತ ಕಮ್ಮಿ. ನಾವು ಜಾಕೆಟ್ಟಿಗೆ ಮೂರು ಪುಟ ಚರ್ಚೆ ಮಾಡಿದ್ವಿ. ಗೈಡ್ ಬಗ್ಗೆ ಒಂದು ಸಾಲು.

ಇದು ಬರೀ ಊಹೆ ಅಲ್ಲ. 2021ರ ಸೆಪ್ಟೆಂಬರ್ 23ರಂದು ಎಲ್‌ಬ್ರುಸ್‌ನಲ್ಲಿ 19 ಜನರ ಗುಂಪು 5000 ಮೀಟರ್‌ಗಿಂತ ಮೇಲೆ ಹಿಮಗಾಳಿಗೆ ಸಿಕ್ಕಿಬಿತ್ತು. ಒಬ್ಬರಿಗೆ ಹುಷಾರು ತಪ್ಪಿ ಒಬ್ಬ ಗೈಡ್ ಜೊತೆ ಹಿಂದಕ್ಕೆ ಹೊರಟರು, ಉಳಿದವರು ಮೇಲೆ ಹೋದರು, ಆಮೇಲೆ ಗಾಳಿ ಎದ್ದಿತು ಅಂತ ಆಗ ವರದಿಯಾಗಿತ್ತು. ಐದು ಜನ ಸತ್ತರು. ಹಿಂದಕ್ಕೆ ಹೊರಟವರೂ ಸತ್ತರು, ಮೇಲೆ ಹೋದವರಲ್ಲೂ ಸತ್ತರು. ಗುಂಪು ಒಡೆದರೆ ಮುಂದಿನವರಾದರೂ ಬಚಾವಾಗ್ತಾರೆ ಅನ್ನೋ ಖಾತ್ರಿಯೂ ಇಲ್ಲ.

ಭಾನುವಾರ ಇದನ್ನೆಲ್ಲ ಹೇಳಿದಾಗ ಗುಂಪಿನ ಗೆಳೆಯನೊಬ್ಬ ಇನ್ನೊಂದು ಸಲಹೆ ಕೊಟ್ಟ. "ಹಾಗಾದ್ರೆ ಎರಡು ಗುಂಪು ಮಾಡೋಣ. ಫಾಸ್ಟ್ ಇರೋರು ಒಂದು, ಸ್ಲೋ ಇರೋರು ಒಂದು. ಸ್ಲೋ ಗುಂಪು ಆದಷ್ಟು ಹತ್ತಲಿ. ಫಾಸ್ಟ್ ಗುಂಪಾದ್ರೂ ತುದಿ ಮುಟ್ಟುತ್ತೆ. ಮೆರಿಟ್ ಮೇಲೆ ಹೋಗಲಿ ಬಿಡಿ."

ಮೆರಿಟ್! ನಮ್ಮ ಬಾಯಲ್ಲೇ ಬಂತಲ್ಲ ಆ ಪದ. ಅವನನ್ನ ಬೈಯೋಕೆ ಹೇಳ್ತಿಲ್ಲ. ನಾನು ಕುಮಾರ ಪರ್ವತದಲ್ಲಿ ಮಾಡಿದ್ದೂ ಅದನ್ನೇ, ಪದ ಬಳಸಿರಲಿಲ್ಲ ಅಷ್ಟೇ. ಯಾರು ಫಾಸ್ಟ್ ನೋಡಿ. ಸಂಜೆ ಆರಕ್ಕೆ ಕೆಲಸ ಮುಗಿಸಿ ಜಿಮ್‌ಗೆ ಹೋಗೋಕೆ ಟೈಮ್ ಇರೋರು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಗೆ ಹೋಗಿ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್ ಮಾಡೋಕೆ ರಜೆ ಸಿಕ್ಕೋರು. ನಮ್ಮಲ್ಲಿ ಅಂಥೋರು ಇಬ್ಬರೇ. ಅಕ್ಕನಿಗೆ ನೈಟ್ ಡ್ಯೂಟಿ, ಮನೇಲಿ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಆಸ್ಪತ್ರೆಯ ಮೂರು ಮಹಡಿ ಮೆಟ್ಟಿಲೇ ಅವರ ಅಭ್ಯಾಸದ ಜಾಗ. ಬೆನ್ನಿಗೆ ಅಕ್ಕಿ ಮೂಟೆ ಕಟ್ಟಿಕೊಂಡು ಹತ್ತಿ ಇಳೀತಾರೆ. ಅವರ ಕಾಲು ನಿಧಾನ ಆಗಿರೋದಕ್ಕೆ ಕಾರಣ ಕಾಲಲ್ಲಿಲ್ಲ.

ಮೆರಿಟ್ ಅಂದಾಗೆಲ್ಲ ನನಗೆ ನೆನಪಾಗೋದು ಮಾಲಾವತ್ ಪೂರ್ಣ ಮತ್ತು ಸಾಧನಪಲ್ಲಿ ಆನಂದ್ ಕುಮಾರ್. 2014ರ ಮೇ 25ರಂದು ಪೂರ್ಣ ಎವರೆಸ್ಟ್ ತುದಿ ಮುಟ್ಟಿದಾಗ ಆಕೆಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಕೂಲಿ ಮಾಡೋ ಆದಿವಾಸಿ ಕುಟುಂಬದ ಹುಡುಗಿ. ಜೊತೆಗೆ ಹೋದ ಆನಂದ್ ಖಮ್ಮಂ ಜಿಲ್ಲೆಯ ದಲಿತ ಹುಡುಗ, ಅಪ್ಪನದು ಸೈಕಲ್ ರಿಪೇರಿ. ಪೂರ್ಣ 2017ರಲ್ಲಿ ನಾವು ಹೊರಟಿರೋ ಇದೇ ಎಲ್‌ಬ್ರುಸ್ ಕೂಡ ಹತ್ತಿದಳು. ಆಮೇಲೆ ಏಳೂ ಖಂಡಗಳ ಶಿಖರ ಮುಗಿಸಿದಳು.

ನಾವು ಆ ಫೋಟೋ ಹಂಚಿಕೊಂಡು "ನಮ್ಮ ಮಕ್ಕಳ ತಾಕತ್ತು ನೋಡಿ" ಅಂದ್ವಿ. ತಾಕತ್ತು ಹೌದು. ಆದ್ರೆ ಆ ಫೋಟೋದಲ್ಲಿ ಕಾಣದೇ ಇರೋದು ಒಂದು ಪ್ಲ್ಯಾನು. ಅವರಿಬ್ಬರೂ ಸಮಾಜ ಕಲ್ಯಾಣ ವಸತಿ ಶಾಲೆಗಳ ಮಕ್ಕಳು. ಆ ಶಾಲೆಗಳ ಸಂಸ್ಥೆ ನಡೆಸ್ತಿದ್ದ ಅಧಿಕಾರಿ ಆರ್.ಎಸ್. ಪ್ರವೀಣ್ ಕುಮಾರ್, ತರಬೇತಿ ಕೊಟ್ಟ ಶೇಖರ್ ಬಾಬು, ಇವರೆಲ್ಲ ಸೇರಿ ಮೊದಲು ಭೋನಗಿರಿಯ ಬಂಡೆ ಮೇಲೆ ತುಂಬಾ ಮಕ್ಕಳಿಗೆ ಹತ್ತೋದು ಕಲಿಸಿದರು. ಆಮೇಲೆ ಡಾರ್ಜಿಲಿಂಗ್, ಆಮೇಲೆ ಲಡಾಖ್‌ನ ಚಳಿ. ತಿಂಗಳುಗಟ್ಟಲೆ ಊಟ, ಬೂಟು, ಗುರು, ರಜೆ, ಎಲ್ಲ ಸರ್ಕಾರಿ ಶಾಲೆಯ ಲೆಕ್ಕದಲ್ಲಿ. ಮಾಲಾವತ್ ಪೂರ್ಣನ ಮೆರಿಟ್ ಆಕಾಶದಿಂದ ಬೀಳಲಿಲ್ಲ. ಯಾರೋ ಕೂತು ಪ್ಲ್ಯಾನ್ ಮಾಡಿದ್ರು, ಯಾರೋ ಕಡತಕ್ಕೆ ಸಹಿ ಹಾಕಿದ್ರು.

ನಮ್ಮ ರಾಜ್ಯದಲ್ಲೂ ವಸತಿ ಶಾಲೆಗಳಿವೆ, ಮೊರಾರ್ಜಿ, ಕಿತ್ತೂರು ಚೆನ್ನಮ್ಮ, ಅಂಬೇಡ್ಕರ್ ಹೆಸರಲ್ಲೇ ಇವೆ. ರಾಮನಗರದಲ್ಲಿ, ಸಾವನದುರ್ಗದಲ್ಲಿ ಬಂಡೆ ಇದೆ. ಸಾಹಸ ಕಲಿಸೋಕೆ ಜನರಲ್ ತಿಮ್ಮಯ್ಯ ಹೆಸರಿನ ಅಕಾಡೆಮಿ ಇದೆ. 2013ರಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂದು, ಜನಸಂಖ್ಯೆಗೆ ತಕ್ಕಂತೆ 24.1 ಪರ್ಸೆಂಟ್ ದುಡ್ಡು ಇಡಬೇಕು ಅಂತ ಆಗಿದೆ. ಬೂಟಿಗೆ, ಹಗ್ಗಕ್ಕೆ, ತರಬೇತಿಗೆ ಅದರಲ್ಲಿ ಎಷ್ಟು ಬೇಕಾದೀತು? ಯೋಚಿಸಿ. ನಾವು ಎಂಟು ಜನ ಹೋಗಿಬಂದ ಮೇಲೆ ನನ್ನ ಮುಂದಿನ ಅರ್ಜಿ ಇದೇ.

ಆ ಬೆಟ್ಟದ ಕಥೆಯಲ್ಲೇ ಇನ್ನೊಂದು ಪಾಠ ಇದೆ. 1829ರಲ್ಲಿ ರಷ್ಯಾದ ಜನರಲ್ ಎಮ್ಯಾನುಯೆಲ್ ಒಂದು ದೊಡ್ಡ ತಂಡ ಕಟ್ಟಿಕೊಂಡು ಎಲ್‌ಬ್ರುಸ್ ಬುಡಕ್ಕೆ ಹೋದ. ಜೊತೆಗೆ ವಿಜ್ಞಾನ ಅಕಾಡೆಮಿಯ ವಿದ್ವಾಂಸರು, ಸೈನಿಕರು. ಬಿಸಿಲೇರಿ ಹಿಮ ಮೆತ್ತಗಾಗಿ, ವಿದ್ವಾಂಸರು ಸೋತು ಹಿಂದಿರುಗಿದರು. ತುದಿ ಮುಟ್ಟಿದ್ದು ಕಿಲಾರ್ ಖಶಿರೋವ್ ಅನ್ನೋ ಸ್ಥಳೀಯ ಮಾರ್ಗದರ್ಶಿ, ಪೂರ್ವ ಶಿಖರ. ಜನರಲ್ ಕೆಳಗೆ ಕೂತು ದೂರದರ್ಶಕದಲ್ಲಿ ನೋಡಿದ. ಕಿಲಾರ್‌ಗೆ ಇನಾಮು ಸಿಕ್ಕಿತು, ನಿಜ. ಆದ್ರೆ ಮುಂದೆ ಅವನು ಹತ್ತಿದ್ದನ್ನೇ ಅನುಮಾನಿಸಿದವರು ಇದ್ದರು. 1868ರಲ್ಲಿ ಅದೇ ಶಿಖರ ಹತ್ತಿದ ಇಂಗ್ಲಿಷ್ ತಂಡವನ್ನೇ ಮೊದಲಿನವರು ಅಂತ ಬರೆದವರೂ ಇದ್ದಾರೆ. ಬೆಟ್ಟದ ಬುಡದಲ್ಲಿ ಹುಟ್ಟಿದವನು ಹತ್ತಿದರೆ ಸಾಕ್ಷಿ ಬೇಕು, ದೂರದಿಂದ ಬಂದ ದೊರೆ ಹತ್ತಿದರೆ ಅವನ ಮಾತೇ ಸಾಕು. ಈ ನ್ಯಾಯ ನಮಗೇನೂ ಹೊಸದಲ್ಲ.

ಆ ಕಣಿವೆಯ ಬಾಲ್ಕಾರ್ ಜನ, ಪಕ್ಕದ ಕರಾಚಾಯ್ ಜನ, ಎಲ್‌ಬ್ರುಸ್ ಅನ್ನ ಮಿಂಗಿ ತಾವ್ ಅಂತಾರೆ. ಸ್ಟಾಲಿನ್ ಸರ್ಕಾರ 1943ರ ನವೆಂಬರ್‌ನಲ್ಲಿ ಕರಾಚಾಯ್ ಜನರನ್ನ, 1944ರ ಮಾರ್ಚ್‌ನಲ್ಲಿ ಬಾಲ್ಕಾರ್ ಜನರನ್ನ, ಹಸುಗೂಸು ಮುದುಕರು ಅನ್ನದೆ ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಗಡೀಪಾರು ಮಾಡಿತು. ಇಡೀ ಜನಾಂಗವೇ ದ್ರೋಹಿ ಅಂತ ಹಣೆಪಟ್ಟಿ ಕಟ್ಟಿ. ಮನೆಗೆ ಮರಳೋಕೆ ಅವಕಾಶ ಸಿಕ್ಕಿದ್ದು 1957ರಲ್ಲಿ. ಅದೇ ಜನರ ನೆಲದ ಮೇಲೆ ನಾವು ಕಾಲಿಡೋದು. ನಮ್ಮ ಹದಿನಾರು ಪುಟದಲ್ಲಿ ಅವರ ಬಗ್ಗೆ ಇದ್ದಿದ್ದು "ಲೋಕಲ್ ಸಪೋರ್ಟ್" ಅನ್ನೋ ಎರಡು ಪದ. ಬಾಬಾಸಾಹೇಬರ ಫೋಟೋ ತಗೊಂಡು ಹೋಗೋ ನಾವು ಇಷ್ಟೂ ತಿಳಿಯದೆ ಹೋದ್ರೆ, ಕೆಳಗೆ ಕೂತು ನೋಡಿದ ಆ ಜನರಲ್‌ಗೂ ನಮಗೂ ಏನು ವ್ಯತ್ಯಾಸ?

ಸರಿ, ಬರೀ ಬೈದುಕೊಂಡು ಕೂರೋದು ಬೇಡ. ಪ್ಲ್ಯಾನನ್ನ ನಾನು ಮತ್ತೆ ಬರೆದಿದ್ದೀನಿ. ಗುಂಪಿನ ಮುಂದೆ ಇಡ್ತೀನಿ, ನಿಮ್ಮ ಮುಂದೆಯೂ ಇಡ್ತಿದ್ದೀನಿ. ಹಿಮದ ಬೆಟ್ಟಕ್ಕೆ ಹೋಗಿಬಂದವರಿದ್ರೆ ತಿದ್ದಿ.

1. ಮೂರು ಜನ ಗೈಡ್. ಒಬ್ಬರು ಇಳಿದರೆ ಗೈಡ್ ಜೊತೆ, ಎರಡನೆಯವರು ಇಳಿದರೆ ಎಲ್ಲರೂ ಇಳಿಯೋದು. ಯಾರೂ ಎಲ್ಲೂ ಒಬ್ಬರೇ ಕೂರೋ ಹಾಗಿಲ್ಲ.

2. ನಡಿಗೆಯ ವೇಗ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರೋರದು. ಅವರು ಗೈಡ್ ಹಿಂದೆಯೇ, ಎರಡನೆಯವರಾಗಿ ನಡೀತಾರೆ. ಫಾಸ್ಟ್ ಇರೋರು ಕೊನೆಯಲ್ಲಿ. ನಾನು ಕಟ್ಟಕಡೆಯವನು, ಇದು ಕುಮಾರ ಪರ್ವತದ ಬಾಕಿ.

3. ಗರಬಾಶಿಗೆ ಹೋದ ತಕ್ಷಣ ಮೇಲಕ್ಕೆ ಓಡೋ ಹಾಗಿಲ್ಲ. 3000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರವನ್ನ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಅಂತ ಎತ್ತರದ ವೈದ್ಯರು ಹೇಳ್ತಾರೆ. ಕೇಬಲ್ ಕಾರ್ ಈ ನಿಯಮವನ್ನ ಹತ್ತು ನಿಮಿಷದಲ್ಲಿ ಮುರಿಸಿಬಿಡುತ್ತೆ. ಹಾಗಾಗಿ ಮೊದಲ ದಿನಗಳಲ್ಲಿ ಹಗಲು ಮೇಲೆ ನಡೆದು, ರಾತ್ರಿ ಕಣಿವೆಗೆ ಇಳಿದು ಮಲಗೋದು. ಹವಾಮಾನಕ್ಕೆ ಅಂತ ಎರಡು ದಿನ ಮೀಸಲು. ಆ ಎರಡು ದಿನ ಕಡಿಮೆ ಮಾಡಿ ದುಡ್ಡು ಉಳಿಸೋ ಮಾತು ಬೇಡ.

4. ದಿನಕ್ಕೆ ಎರಡು ಸಲ, ಬೆಳಗ್ಗೆ ಮತ್ತು ಸಂಜೆ, ಪ್ರತಿಯೊಬ್ಬರೂ ತಲೆನೋವು, ವಾಕರಿಕೆ, ನಿದ್ದೆ, ಊಟ, ಈ ನಾಲ್ಕಕ್ಕೂ ಉತ್ತರ ಹೇಳಲೇಬೇಕು. ಕೇಳೋದು ನರ್ಸ್ ಅಕ್ಕ, ಬರೆದಿಡೋದು ಮೇಷ್ಟ್ರು. "ಏನಾದ್ರೂ ಇದ್ರೆ ಹೇಳಿ" ಅಂತ ಬಿಡೋದಿಲ್ಲ. ಹಾಗೆ ಬಿಟ್ಟರೆ ನಮ್ಮ ಜನ ಹೇಳಲ್ಲ. ಸರದಿ ಪ್ರಕಾರ ಕೇಳಬೇಕು. ಅಕ್ಕನನ್ನ ನಾನು ಕೇಳ್ತೀನಿ.

5. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದರೂ ಹಿಂದಕ್ಕೆ. ತುದಿ ಕಣ್ಣೆದುರಿಗೆ ಇದ್ದರೂ. ಈ ಮಾತನ್ನ ಈಗಲೇ, ತಲೆ ಸರಿ ಇರುವಾಗಲೇ, ಎಲ್ಲರೂ ಸಹಿ ಮಾಡಿ ಇಡೋದು. ಗೈಡ್ ಅದಕ್ಕಿಂತ ಮುಂಚೆ "ಸಾಕು" ಅಂದ್ರೆ ಅವರ ಮಾತೇ ಕೊನೆ.

6. ಬೂಟು, ಕ್ರ್ಯಾಂಪಾನ್, ಐಸ್ ಆಕ್ಸ್ ಅಲ್ಲೇ ಬಾಡಿಗೆಗೆ ಸಿಗುತ್ತೆ. ಯಾರೂ ಸಾಲ ಮಾಡಿ ಕೊಳ್ಳಬೇಡಿ. ಬಾಡಿಗೆಯನ್ನ ಸಂಬಳಕ್ಕೆ ತಕ್ಕ ಹಾಗೆ ಹಂಚಿಕೊಳ್ಳೋಣ. ಶಿಖರಕ್ಕೆ ಹೋಗುವ ಮುಂಚೆ ಒಂದು ದಿನ ಇಡೀ ಹಿಮದಲ್ಲಿ ಜಾರಿಬಿದ್ದು, ಐಸ್ ಆಕ್ಸ್ ಊರಿ ನಿಲ್ಲೋದನ್ನ ಅಭ್ಯಾಸ ಮಾಡೋದು, ಕೋರ್ಸ್ ಮಾಡಿದವರೂ ಸೇರಿ.

7. ಆರು ಸಾವಿರ ಮೀಟರ್‌ವರೆಗೆ ಮತ್ತು ರಕ್ಷಣಾ ಕೆಲಸಕ್ಕೆ ಅನ್ವಯ ಆಗೋ ವಿಮೆ ಎಂಟೂ ಜನಕ್ಕೆ. ಹತ್ತುವ ಮುಂಚೆ ಅಲ್ಲಿನ ರಕ್ಷಣಾ ಪಡೆಯಲ್ಲಿ ಗುಂಪಿನ ಹೆಸರು, ದಾರಿ, ವಾಪಸ್ಸಾಗೋ ಸಮಯ ನೋಂದಾಯಿಸೋದು.

8. ವಾಪಸ್ ಬಂದ ಮೇಲೆ ಹಾಕೋ ಪೋಸ್ಟಿನಲ್ಲಿ ಗೈಡ್‌ಗಳ, ಅಡುಗೆಯವರ ಹೆಸರು, ಅವರು ಒಪ್ಪಿದರೆ, ನಮ್ಮ ಹೆಸರಿಗಿಂತ ಮೇಲೆ ಇರುತ್ತೆ.

ಹೀಗೆ ಹೋದ್ರೆ ತುದಿ ಮುಟ್ತೀವಾ? ಖಾತ್ರಿ ಇಲ್ಲ. ಎಂಟೂ ಜನ ಮುಟ್ಟದೇ ಇರಬಹುದು, ಒಬ್ಬರೂ ಮುಟ್ಟದೇ ಇರಬಹುದು. ಫಾಸ್ಟ್ ಗುಂಪು ಮಾಡಿದ್ರೆ ಮೂರು ಜನ ಮುಟ್ಟೋ ಸಾಧ್ಯತೆ ಜಾಸ್ತಿ, ಅದನ್ನ ಒಪ್ಕೊಳ್ತೀನಿ. ಆದ್ರೆ ಆ ಮೂರು ಜನರ ಫೋಟೋ ನಮಗೆ ಬೇಕಾ? ಐದು ಜನರನ್ನ ಹಿಂದೆ ಬಿಟ್ಟು ಮೇಲೆ ಹೋಗಿ, ಯಾರ ಫೋಟೋ ಎತ್ತಿ ಹಿಡೀತೀವಿ? ಚಳವಳಿಯಲ್ಲೂ ನಾವು ಇದನ್ನ ನೋಡಿದ್ದೀವಿ. ಮುಂದೆ ಓಡಿದವರು ವೇದಿಕೆ ಮುಟ್ಟಿದ್ರು. ಹಿಂದೆ ಉಳಿದವರು ಎಲ್ಲಿ ಉಳಿದ್ರು ಅಂತ ಯಾರೂ ತಿರುಗಿ ನೋಡಲಿಲ್ಲ.

ಈಗ "ಬೆಟ್ಟ ಯಾಕೆ" ಅಂದವರಿಗೆ. ಉಸಿರಾಡೋಕೆ ಗಾಳಿ ಸಾಲದ ಜಾಗ, ಸೊಂಟಕ್ಕೆ ಕಟ್ಟಿದ ಹಗ್ಗ, ಇವು ನಮ್ಮ ಜನಕ್ಕೆ ಹೊಸದಲ್ಲ. ನಮ್ಮ ಅಣ್ಣತಮ್ಮಂದಿರನ್ನ ಇವತ್ತಿಗೂ ಮ್ಯಾನ್‌ಹೋಲ್‌ಗೆ ಇಳಿಸ್ತಾರೆ. 2013ರಲ್ಲಿ ಕಾಯ್ದೆ ಬಂದ ಮೇಲೂ ಇಳಿಸ್ತಾರೆ. ಎಷ್ಟೋ ಸಲ ಹಗ್ಗವೂ ಇರಲ್ಲ. ಒಳಗೆ ಇಳಿದವನಿಗೆ ತಲೆ ಸುತ್ತಿದ್ರೆ ಏನು, ಮೇಲೆ ಯಾರಿರ್ತಾರೆ, ಎಷ್ಟು ನಿಮಿಷಕ್ಕೆ ಎಳೀಬೇಕು ಅಂತ ಯಾರೂ ಪ್ಲ್ಯಾನ್ ಬರೆಯಲ್ಲ. ಅವನನ್ನ ಎತ್ತೋಕೆ ಅಂತ ಅವನ ಅಣ್ಣನೋ ತಮ್ಮನೋ ಬರಿಗೈಲಿ ಇಳೀತಾನೆ, ಅವನೂ ಸಾಯ್ತಾನೆ. ಪ್ರಾಣಕ್ಕೆ ಬೆಲೆ ಇದೆ ಅಂದುಕೊಂಡ ಕಡೆ ಮಾತ್ರ ಜನ ಪ್ಲ್ಯಾನ್ ಬರೀತಾರೆ.

ನಾವು ಎಂಟು ಜನ ಹಿಮದ ಬೆಟ್ಟಕ್ಕೆ ಇಷ್ಟು ಕೂಲಂಕಷವಾಗಿ ಪ್ಲ್ಯಾನ್ ಬರೀತಿರೋದು, ನಮ್ಮ ಪ್ರಾಣಕ್ಕೂ ಬೆಲೆ ಇದೆ ಅಂತ ನಾವೇ ಮೊದಲು ನಂಬೋದನ್ನ ಕಲಿಯೋಕೆ. ಹತ್ತೋದು ನಮ್ಮ ಖುಷಿಗೆ. ಖುಷಿಗೂ ನಮಗೆ ಹಕ್ಕಿದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಹೊಸ ಪ್ಲ್ಯಾನ್ ನಿನ್ನೆ ರಾತ್ರಿ ಅಕ್ಕನಿಗೆ ಕಳಿಸಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ, ಡ್ಯೂಟಿ ಮಧ್ಯೆ, ಉತ್ತರ ಬಂತು. "ನಾಲ್ಕನೇದು ಸರಿ ಇದೆ. ಮೊಣಕಾಲು ನೋವು ಅಂತ ಐದನೇ ಪ್ರಶ್ನೆ ಸೇರಿಸು. ಇವತ್ತು ನೋವಿದೆ, ಹೇಳ್ತಿದ್ದೀನಿ."

ಮುಂದಿನ ತಿಂಗಳು ಮತ್ತೆ ಕುಮಾರ ಪರ್ವತ. ಅವರ ಮೊಣಕಾಲು ವಾಸಿಯಾದ ಮೇಲೆ. ಬರೋರಿದ್ರೆ ಹೇಳಿ, ಒಂದೇ ಷರತ್ತು: ಅಕ್ಕನ ಮುಂದೆ ಯಾರೂ ನಡೆಯೋ ಹಾಗಿಲ್ಲ.

ಜೈ ಭೀಮ್.